ಅರವತ್ತರ ಆಚೆ ಬೈಕು: ಯಾರಿಗೆ ಯಾವುದು?

ಈ ಎರಡು ತಿಂಗಳಲ್ಲಿ ಮೂವರು ಓದುಗರು ನನಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದಾರೆ: ಈ ವಯಸ್ಸಿನಲ್ಲಿ ಬೈಕು ಓಡಿಸಬಹುದೇ, ಓಡಿಸುವುದಾದರೆ ಯಾವುದು? ಒಬ್ಬರು ಪುಣೆಯ ಕೋಥ್ರೂಡಿನ ನಿವೃತ್ತ ಬ್ಯಾಂಕ್ ನೌಕರರು. ವಯಸ್ಸು 64, ಹರೆಯದಲ್ಲಿ ಬೆಳಗಾವಿಯಲ್ಲಿ ಬುಲೆಟ್ ಓಡಿಸಿದವರು, ಈಗ ಮತ್ತೆ 350 ಸಿಸಿ ಗಾಡಿ ಕೊಳ್ಳಬೇಕೆಂದಿದ್ದಾರೆ. ಇನ್ನೊಬ್ಬರು ಠಾಣೆಯ ಶಾಲಾ ಶಿಕ್ಷಕಿ. 59 ವರ್ಷ, ಇಪ್ಪತ್ತು ವರ್ಷದಿಂದ ಆ್ಯಕ್ಟಿವಾ ಓಡಿಸುತ್ತಿದ್ದಾರೆ, ಗೇರಿನ ಬೈಕು ಕಲಿಯುವ ಆಸೆ. ಮೂರನೆಯವರು ಗೋವಾದ ವಾಸ್ಕೋದಲ್ಲಿರುವ 67ರ ಹಿರಿಯರು. ಸಕ್ಕರೆ ಕಾಯಿಲೆ ಇದೆ, ಪಿಂಚಣಿ ಸಣ್ಣದು, ಮನೆಯ ಹಿಂದೆ ತಾಡಪಾಲಿನ ಕೆಳಗೆ ಹಳೆಯ ಯೆಜ್ಡಿ ಬೈಕೊಂದು ನಿಂತಿದೆ. ಮೂವರ ಪತ್ರದಲ್ಲೂ ಗಾಡಿಯ ವಿಚಾರ ಅರ್ಧ, ಜನರ ಮಾತಿನ ವಿಚಾರ ಅರ್ಧ.

ಆ ಮಾತುಗಳು ನನಗೆ ಹೊಸವಲ್ಲ. ನಾನು ಧಾರವಾಡದಾಕಿ, ಮದುವೆಯಾಗಿ 1987ರಲ್ಲಿ ಪುಣೆಗೆ ಬಂದೆ. ಲೂನಾ, ಆಮೇಲೆ ಕೈನೆಟಿಕ್ ಹೊಂಡಾ, ಆಮೇಲೆ ಆ್ಯಕ್ಟಿವಾ ಓಡಿಸಿ ನಿವೃತ್ತಿಯಾದ ವರ್ಷ, 58ರಲ್ಲಿ, ಗೇರಿನ ಬೈಕು ಕಲಿತೆ. ಧಾರವಾಡದಿಂದ ಅಣ್ಣ ಫೋನ್ ಮಾಡಿ, "ಅರವತ್ತಕ್ಕ ಅರಳು ಮರಳು ಅಂತಾರ, ನಿನಗ ಎರಡು ವರ್ಷ ಮೊದ್ಲ ಬಂತೇನವಾ ತಂಗಿ?" ಅಂದ. ಶೋರೂಮಿನ ಹುಡುಗ ನನ್ನನ್ನು ಬಿಟ್ಟು ಇವರ ಕಡೆ ತಿರುಗಿ ಗಾಡಿಯ ವಿವರ ಹೇಳತೊಡಗಿದಾಗ ನಮ್ಮನೆಯವರು, "ಆಕೀನ್ನ ಕೇಳ್ರಿ, ನಾ ಹಿಂದ ಕೂಡಾಂವ" ಅಂದರು. ಅಂದಿನಿಂದ ಇಂದಿನವರೆಗೆ ನನಗೆ ಸಿಕ್ಕ ದೊಡ್ಡ ಬೆಂಬಲ ಆ ಒಂದು ಮಾತು. ಈಗ ನನಗೆ 62.

ಮೊದಲು ಜನರ ಮಾತನ್ನು ಎರಡು ರಾಶಿ ಮಾಡಿ. ಚೆಂದ ಕಾಣೋದಿಲ್ಲ, ಮೊಮ್ಮಕ್ಕಳನ್ನು ಆಡಿಸೋ ವಯಸ್ಸು, ನಾಲ್ಕು ಜನ ಏನಂದಾರು, ಮಗಳ ಮದುವೆ ಗೊತ್ತು ಮಾಡೋ ಹೊತ್ತಿನಲ್ಲಿ ಇದೇನು ಎಂಬುವೆಲ್ಲ ಒಂದು ರಾಶಿ. ಇವುಗಳಲ್ಲಿ ನಿಮ್ಮ ಕಣ್ಣು, ಮೊಣಕಾಲು, ರಸ್ತೆ, ಗಾಡಿ ಯಾವುದರ ಬಗ್ಗೆಯೂ ಸುದ್ದಿಯಿಲ್ಲ. ಕೇಳಿಸಿಕೊಂಡು ಬಿಟ್ಟುಬಿಡಿ. ಇನ್ನೊಂದು ರಾಶಿ ಬೇರೆ ಜಾತಿಯದು. "ರಾತ್ರಿ ಎದುರು ಗಾಡಿ ಬೆಳಕು ಬಿದ್ದರೆ ನಿಮಗೆ ಕಾಣೋದಿಲ್ಲವಲ್ಲ", "ಹೋದ ತಿಂಗಳು ಬಚ್ಚಲಲ್ಲಿ ತಲೆ ಸುತ್ತಿತಲ್ಲ". ಇವೂ ಅದೇ ಒರಟು ದನಿಯಲ್ಲಿ, ಅದೇ ಊಟದ ಹೊತ್ತಿನಲ್ಲಿ ಬರುತ್ತವೆ. ಆದರೆ ಇವು ನಿಮ್ಮನ್ನು ದಿನಾ ನೋಡುವವರು ಕೊಡುವ ಸಾಕ್ಷ್ಯ. ನನ್ನ ಮಗ ಒಂದು ದಿನ, "ಅಮ್ಮಾ, ನೀ ಎಡಕ್ಕ ಕುತ್ತಿಗಿ ಹೊಳ್ಳಿಸೋದ ಇಲ್ಲ" ಅಂದ. ಸಿಟ್ಟು ಬಂತು. ಆಮೇಲೆ ಕನ್ನಡಿಯ ಮುಂದೆ ಕೂತು ನೋಡಿಕೊಂಡರೆ ನಿಜ. ಗಲ್ಲ ಭುಜದ ತನಕ ಹೋಗುತ್ತಲೇ ಇರಲಿಲ್ಲ. ಆರು ವಾರ ಫಿಸಿಯೋಥೆರಪಿ ಮಾಡಿಸಿದೆ, ಗಾಡಿಗೆ ಅಗಲದ ಕನ್ನಡಿ ಹಾಕಿಸಿದೆ. ಮೊದಲ ರಾಶಿಯ ಮೇಲಿನ ಸಿಟ್ಟಿನಲ್ಲಿ ಎರಡನೆಯದನ್ನೂ ಎಸೆದಿದ್ದರೆ ಯಾವುದೋ ಚೌಕದಲ್ಲಿ ಬೀಳುತ್ತಿದ್ದೆ.

ಗಾಡಿಗಿಂತ ಮುಂಚೆ ಮೈ

40 ದಾಟಿದವರು ಲೈಸೆನ್ಸ್ ಮಾಡಿಸಲು ಅಥವಾ ನವೀಕರಿಸಲು ಹೋದರೆ ವೈದ್ಯರ ಸಹಿಯ ಫಾರಂ 1ಎ ಬೇಕು. ಬಹಳ ಮಂದಿ ಇದನ್ನು ಬರೀ ಕಾಗದವೆಂದು ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ. ನಿಮ್ಮನ್ನು ಬಲ್ಲ ವೈದ್ಯರ ಹತ್ತಿರವೇ ಹೋಗಿ, ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, "ನಾನು ಬೈಕು ಓಡಿಸುತ್ತೇನೆ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ. ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆಗಳು, ಬಿಪಿಯ ಕೆಲವು ಮಾತ್ರೆಗಳು ಎದ್ದು ನಿಂತಾಗ ತಲೆ ತಿರುಗಿಸುತ್ತವೆ. ನೆಗಡಿಯ ಹಳೆಯ ಮಾತ್ರೆಗಳು ಮಂಪರು ತರುತ್ತವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಸಕ್ಕರೆ ಇಳಿದು ಕೈ ನಡುಗುತ್ತದೆ, ನಿರ್ಧಾರ ಮಂಕಾಗುತ್ತದೆ. ಗಾಡಿಯ ಮೇಲೆ ಅದು ಬಂದರೆ ನಿಮಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಲೆಗೆ ಪೆಟ್ಟು ಬಿದ್ದರೆ ಎದ್ದು ಮನೆಗೆ ಹೋಗಬಾರದು. ಸಣ್ಣ ಪೆಟ್ಟಾದರೂ ನೇರ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಒಳಗೆ ರಕ್ತ ಸೋರುವ ಅಪಾಯ ಅವರಿಗೆ ಹೆಚ್ಚು. ಪರ್ಸಿನಲ್ಲಿ ಆ ಮಾತ್ರೆಯ ಹೆಸರು ಬರೆದ ಚೀಟಿ ಇರಲಿ.

ಕಣ್ಣಿನ ಪೊರೆ ಬೆಳೆಯುತ್ತಿದ್ದರೆ ಮೊದಲು ಕೆಡುವುದು ರಾತ್ರಿಯ ನೋಟ. ಹಗಲು ಎಲ್ಲವೂ ಸರಿ ಕಾಣುತ್ತದೆ, ರಾತ್ರಿ ಎದುರಿನ ಹೆಡ್‌ಲೈಟು ಹೂವಿನಂತೆ ಅರಳುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೂ ಕೆಲವರಿಗೆ ದೀಪದ ಸುತ್ತ ಬಳೆ ಕಾಣುವುದುಂಟು. ನಾನು ಸೂರ್ಯ ಮುಳುಗಿದ ಮೇಲೆ ಬೈಕು ತೆಗೆಯುವುದಿಲ್ಲ. ಅದು ನನ್ನ ನಿಯಮ, ಇದರಿಂದ ಯಾವ ಸುಖವೂ ಕಡಿಮೆಯಾಗಿಲ್ಲ. ನಿವೃತ್ತರಿಗೆ ಹಗಲು ಬೇಕಾದಷ್ಟಿದೆ.

ಅಳತೆಗೋಲುಗಳು

ಗಾಡಿ ಆರಿಸುವಾಗ ಹುಡುಗರು ವೇಗ, ಪಿಕಪ್, ಮೈಲೇಜು ಕೇಳುತ್ತಾರೆ. ನಮ್ಮ ವಯಸ್ಸಿಗೆ ಮೊದಲ ಅಳತೆ ನಿಂತ ಗಾಡಿಯ ಭಾರ. ಇದನ್ನು ನಾನು ಬಿದ್ದು ಕಲಿತೆ.

ನಾನು ಮೊದಲು ಕೊಂಡದ್ದು ಸೆಕೆಂಡ್ ಹ್ಯಾಂಡಿನ 350 ಸಿಸಿ ಬೈಕು. ಗಾಡಿ ಚೆನ್ನಾಗಿತ್ತು, ತಪ್ಪು ನನ್ನ ಆಯ್ಕೆಯದು. ನಾನು ಐದು ಅಡಿ ಎರಡಂಗುಲ. ನಮ್ಮ ಸೊಸೈಟಿಯ ಪಾರ್ಕಿಂಗ್ ನೆಲಮಾಳಿಗೆಯಲ್ಲಿದೆ, ಅಲ್ಲಿಂದ ಮೇಲಕ್ಕೆ ಕಡಿದಾದ ಇಳಿಜಾರು. ಒಂದು ಬೆಳಿಗ್ಗೆ ಅರ್ಧ ಏರಿದಾಗ ಮೇಲಿನಿಂದ ಕಾರೊಂದು ಇಳಿಯತೊಡಗಿತು. ನಿಂತೆ. ಎಡಗಾಲು ಊರಿದ್ದು ಮಳೆನೀರು ಹೋಗುವ ಕಬ್ಬಿಣದ ಜಾಲರಿಯ ಮೇಲೆ. ಅದು ಒದ್ದೆಯಾಗಿತ್ತು, ಕಾಲು ಜಾರಿತು. ಗಾಡಿ ನಿಧಾನಕ್ಕೆ ವಾಲಿತು. ಒಂದು ಹಂತದ ತನಕ ತೊಡೆಯಿಂದ ತಡೆಯಬಹುದು, ಅದನ್ನು ದಾಟಿದ ಮೇಲೆ ಯಾರ ಕೈಲೂ ಆಗುವುದಿಲ್ಲ. ಬಿಟ್ಟುಬಿಟ್ಟೆ. ಕನ್ನಡಿ ಒಡೆಯಿತು, ಕ್ಲಚ್ಚಿನ ಹಿಡಿ ಸೊಟ್ಟಾಯಿತು, ಮೊಣಕಾಲು ತರಚಿತು. ವಾಚ್‌ಮನ್ ಮತ್ತು ಹಾಲು ಹಾಕುವ ಹುಡುಗ ಸೇರಿ ಎತ್ತಿದರು. ಗಾಡಿಯ ವೇಗ ಆಗ ಸೊನ್ನೆ. ಎರಡನೆಯ ಮಹಡಿಯ ಬಾಲ್ಕನಿಯಿಂದ ಇಬ್ಬರು ನೋಡುತ್ತಿದ್ದರು. ನನಗೆ ಅಳು ಬಂದದ್ದು ಮೊಣಕಾಲಿನ ನೋವಿಗಲ್ಲ. ಏಳು ತಿಂಗಳಿಗೆ ಆ ಗಾಡಿ ಮಾರಿದೆ.

ಅದಕ್ಕೇ ಶೋರೂಮಿನಲ್ಲಿ ಟೆಸ್ಟ್ ರೈಡಿಗೆ ಮುಂಚೆ ಇದನ್ನು ಮಾಡಿ. ಎಂಜಿನ್ ಆರಿಸಿ, ಗಾಡಿಯ ಮೇಲೆ ಕೂತು, ಬರೀ ಕಾಲಿನಿಂದ ಮೂರು ಮಾರು ಹಿಂದಕ್ಕೆ ತಳ್ಳಿ. ಇಳಿದು, ಹ್ಯಾಂಡಲ್ ಹಿಡಿದು, ಎಡಕ್ಕೊಂದು ಬಲಕ್ಕೊಂದು ಸುತ್ತು ಹಾಕಿಸಿ. ಸೆಂಟರ್ ಸ್ಟ್ಯಾಂಡಿದ್ದರೆ ಒಬ್ಬರೇ ಹಾಕಿ, ಒಬ್ಬರೇ ಇಳಿಸಿ. ಹುಡುಗ ಸಹಾಯಕ್ಕೆ ಬಂದರೆ ಬೇಡವೆನ್ನಿ. ಈ ಮೂರರಲ್ಲಿ ಒಂದು ಆಗದಿದ್ದರೂ ಆ ಗಾಡಿ ನಿಮ್ಮದಲ್ಲ, ಎಷ್ಟೇ ಮನಸ್ಸಾಗಿದ್ದರೂ. ಶೋರೂಮಿನ ಗಾಡಿಯಲ್ಲಿ ಪೆಟ್ರೋಲು ಲೀಟರಿನಷ್ಟೂ ಇರುವುದಿಲ್ಲ. ಟ್ಯಾಂಕು ತುಂಬಿದರೆ ಹತ್ತು ಕೆಜಿ ಸೇರುತ್ತದೆಂಬುದೂ ನೆನಪಿರಲಿ.

ಎರಡನೆಯದು ಸೀಟಿನ ಎತ್ತರ. ಎರಡೂ ಅಂಗಾಲು ಪೂರ್ತಿ ನೆಲಕ್ಕೆ ಊರಬೇಕು. ತುದಿಬೆರಳು ತಾಕಿದರೆ ಸಾಕೆಂಬುದು ಇಪ್ಪತ್ತೈದರ ಮಾತು. ಇದರ ಜೊತೆಗೇ ಕಾಲು ಎತ್ತಿ ದಾಟಿಸುವ ಕಷ್ಟವನ್ನೂ ನೋಡಿ. ಸೊಂಟ ಹಿಡಿದವರಿಗೆ, ಮೊಣಕಾಲು ಬದಲಿಸಿದವರಿಗೆ ಓಡಿಸುವುದಕ್ಕಿಂತ ಹತ್ತುವುದೇ ದೊಡ್ಡ ಕೆಲಸ. ಹಿಂದೆ ಡಬ್ಬಿ ಹಾಕಿಸಿದರೆ ಕಾಲು ಇನ್ನೂ ಎತ್ತರಕ್ಕೆ ಹೋಗಬೇಕು.

ಮೂರನೆಯದು ಎಡಗೈ. ಬೆರಳ ಗಂಟು ನೋಯುವವರಿಗೆ ಪುಣೆಯ ಸ್ವಾರ್‌ಗೇಟಿನಿಂದ ಕಾತ್ರಜ್‌ವರೆಗೆ ಸಂಜೆ ಹೊತ್ತು ಕ್ಲಚ್ ಹಿಡಿದು ಬಿಟ್ಟು ಮಾಡುವುದು ಶಿಕ್ಷೆ. ನಾಲ್ಕನೆಯದು ಬ್ರೇಕು. 125 ಸಿಸಿ ಮೀರಿದ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಜೋರಾಗಿ ಬ್ರೇಕು ಒತ್ತಿದರೂ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯ. 125 ಮತ್ತು ಅದರೊಳಗಿನವುಗಳಿಗೆ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಸಿಬಿಎಸ್ ಇದ್ದರೆ ಸಾಕೆಂದು ನಿಯಮ ಮಾಡಿದರು. ಮಳೆಗಾಲದ ಮೊದಲ ವಾರ, ರಸ್ತೆಯ ಎಣ್ಣೆಯೆಲ್ಲ ಮೇಲೆ ತೇಲುವಾಗ, ಗಾಬರಿಯಿಂದ ಬ್ರೇಕು ಒತ್ತಿದ ಕೈಯನ್ನು ಕಾಪಾಡುವುದು ಎಬಿಎಸ್. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದೊಂದು ಕಾರಣಕ್ಕಾದರೂ 2019ರ ಈಚಿನದನ್ನೇ ನೋಡಬೇಕು.

ದುಡ್ಡಿನ ಮಾತು ಕೊನೆಗೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡವುಗಳದ್ದು 40ಕ್ಕೆ ಏರಿದೆ. ಭಾರದ ಲೆಕ್ಕದಲ್ಲೂ ತೆರಿಗೆಯ ಲೆಕ್ಕದಲ್ಲೂ ನಮ್ಮ ಗೆರೆ 350ಕ್ಕೇ ನಿಲ್ಲುತ್ತದೆ. ಗಾಡಿಯ ಬೆಲೆಯ ಮೇಲೆ ಹತ್ತು ಹದಿನೈದು ಸಾವಿರ ಎತ್ತಿಡಿ. ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್, ಮೊಣಕೈ ಮೊಣಕಾಲಿಗೆ ಗಾರ್ಡು, ಹಿಮ್ಮಡಿ ಮುಚ್ಚುವ ಬೂಟು ಅದರಲ್ಲಿ ಬರಬೇಕು. ಕುತ್ತಿಗೆ ನೋವಿರುವವರು ಹೆಲ್ಮೆಟ್ಟನ್ನು ಅಂಗಡಿಯಲ್ಲೇ ಹತ್ತು ನಿಮಿಷ ತೊಟ್ಟು ನಿಂತು ನೋಡಿ. ಇನ್ನೂರು ಗ್ರಾಂ ವ್ಯತ್ಯಾಸವೂ ಎರಡು ತಾಸಿನ ಮೇಲೆ ತಿಳಿಯುತ್ತದೆ.

ಸ್ಕೂಟರಿಗೇ ನಿಲ್ಲುವುದು

ಇದನ್ನು ಸೋಲೆಂದು ಕಾಣುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆ್ಯಕ್ಟಿವಾ, ಜುಪಿಟರ್, ಆ್ಯಕ್ಸೆಸ್ ಇವೆಲ್ಲ ನೂರೈದು ಕೆಜಿಯ ಆಸುಪಾಸು. ಕಾಲೆತ್ತಿ ದಾಟಿಸುವ ಕೆಲಸವಿಲ್ಲ, ಕ್ಲಚ್ಚಿಲ್ಲ, ಸೀರೆಗೂ ನಡೆಯುತ್ತದೆ, ಮುಂದೆ ಚೀಲ ಇಡಬಹುದು. ದಿನಕ್ಕೆ ಹತ್ತು ಕಿಲೋಮೀಟರು, ಮಂಡಿ, ದೇವಸ್ಥಾನ, ದವಾಖಾನೆ, ಕನ್ನಡ ಸಂಘದ ಕಾರ್ಯಕ್ರಮ ಇಷ್ಟೇ ಆದರೆ ಇದಕ್ಕಿಂತ ಒಳ್ಳೆಯದಿಲ್ಲ. ಸೋಲುವುದು ಚಕ್ರದಲ್ಲಿ. ಸಣ್ಣ ಚಕ್ರ ಗುಂಡಿಗೆ ಬಿದ್ದರೆ ಪೂರ್ತಿ ಇಳಿಯುತ್ತದೆ, ಹ್ಯಾಂಡಲ್ ಒದರುತ್ತದೆ. ಹೆದ್ದಾರಿಯಲ್ಲಿ ಟ್ರಕ್ಕು ಪಕ್ಕದಲ್ಲಿ ಹೋದಾಗ ಗಾಳಿಗೆ ಅಲುಗುತ್ತದೆ. ಘಟ್ಟ ಇಳಿಯುವಾಗ ಗೇರಿನ ಹಿಡಿತವಿಲ್ಲ, ಬ್ರೇಕನ್ನೇ ನಂಬಬೇಕು.

ವಿದ್ಯುತ್ ಸ್ಕೂಟರನ್ನು ಈ ಗುಂಪಿಗೇ ಸೇರಿಸುತ್ತೇನೆ. ನಮ್ಮ ಪುಣೆ ಹತ್ತಿರದ ಆಕುರ್ಡಿಯ ಬಜಾಜ್ ಚೇತಕ್ ಇರಲಿ, ಟಿವಿಎಸ್ ಐಕ್ಯೂಬ್ ಇರಲಿ, ನಡುಕವಿಲ್ಲದ್ದು ಕೈಬೆರಳಿಗೆ ದೊಡ್ಡ ಸುಖ. ಕೊಳ್ಳುವ ಮುಂಚೆ ಸೊಸೈಟಿಯಲ್ಲಿ ಚಾರ್ಜಿಂಗ್ ಪಾಯಿಂಟಿಗೆ ಒಪ್ಪಿಗೆ ಬರೆಸಿಕೊಳ್ಳಿ, ಆಮೇಲೆ ಜಗಳ ಬೇಡ. ಹ್ಯಾಂಡಲ್ ತಿರುವಿದ ತಕ್ಷಣ ಮುಂದೆ ಹಾರುವ ಸ್ವಭಾವವಿರುವುದರಿಂದ ಮೊದಲ ತಿಂಗಳು ವೇಗ ತಗ್ಗಿಸುವ ಇಕೋ ಮೋಡಿನಲ್ಲೇ ಓಡಿಸಿ.

ಹಗುರ ಬೈಕು: ನೂರರಿಂದ ನೂರಿಪ್ಪತ್ತೈದು ಸಿಸಿ

ಯಾರೂ ತಿರುಗಿ ನೋಡದ ಗಾಡಿಗಳಿವು, ನಮಗೆ ಅತಿ ಹೆಚ್ಚು ಹೊಂದುವವೂ ಇವೇ. ಹೊಂಡಾ ಶೈನ್ 100 ಕೇವಲ 99 ಕೆಜಿ. ಸ್ಪ್ಲೆಂಡರ್ ಪ್ಲಸ್ 112, ಶೈನ್ 125 ಅದರ ಆಸುಪಾಸು. ಸೀಟು 785ರಿಂದ 790 ಮಿಲಿಮೀಟರ್, ಆದರೆ ಕಿರಿದಾಗಿರುವುದರಿಂದ ಕಾಲು ನೇರ ಕೆಳಗಿಳಿಯುತ್ತದೆ. ಕ್ಲಚ್ಚು ಬೆಣ್ಣೆಯಂತೆ. ದೊಡ್ಡ ಚಕ್ರ ಗುಂಡಿಯನ್ನು ದಾಟುತ್ತದೆ. ಬ್ಯಾಟರಿ ಕೈಕೊಟ್ಟರೆ ಕಿಕ್ ಇದೆ. ಲಕ್ಷದ ಒಳಗೆ ಅಥವಾ ಸ್ವಲ್ಪ ಆಚೆಗೆ ಮನೆಗೆ ಬರುತ್ತದೆ, ಯಾವ ಹಳ್ಳಿಯ ಮೆಕ್ಯಾನಿಕ್ಕೂ ರಿಪೇರಿ ಮಾಡುತ್ತಾನೆ. ಬಿದ್ದರೆ ಒಬ್ಬರೇ ಎತ್ತಬಹುದು. ಎತ್ತುವಾಗ ಗಾಡಿಗೆ ಬೆನ್ನು ಕೊಟ್ಟು ಕೂತು, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಹಿಡಿಗೆ ಕೊಟ್ಟು, ಕಾಲಿನ ಬಲದಿಂದ ಹಿಮ್ಮೆಟ್ಟುತ್ತ ಏಳಬೇಕು. ಬೆನ್ನು ಬಗ್ಗಿಸಿ ಎತ್ತಿದರೆ ಬೈಕು ಏಳುತ್ತದೆ, ನೀವು ಏಳುವುದಿಲ್ಲ.

ಕೊರತೆ ಎಂದರೆ ಇಬ್ಬರು ಕೂತು ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಟ್ಟ ಏರುವಾಗ ಏದುಸಿರು. ವೇಗ ಎಪ್ಪತ್ತು ದಾಟಿದರೆ ಗಾಡಿಗೆ ನಡುಕ. ಹೆದ್ದಾರಿಯಲ್ಲಿ ಎಲ್ಲರೂ ನಿಮ್ಮನ್ನು ಹಿಂದೆ ಹಾಕುತ್ತಾರೆ, ಹಾಕಲಿ. ಈ ಗಾಡಿಯಲ್ಲಿ ಬೆಳಗಾವಿಗೆ ಹೋಗಬಹುದು, ಆದರೆ 340 ಕಿಲೋಮೀಟರನ್ನು ಎರಡು ದಿನಕ್ಕೆ ಹಂಚಿ, ಕರಾಡದಲ್ಲೋ ಕೊಲ್ಹಾಪುರದಲ್ಲೋ ರಾತ್ರಿ ಉಳಿಯಬೇಕು.

ತಗ್ಗು ಸೀಟಿನ ಕ್ರೂಸರು

ಕಾಲು ಮುಂದೆ ಚಾಚಿ ಕೂರುವ ತಗ್ಗು, ಉದ್ದ ಬೈಕೇ ಕ್ರೂಸರು. ನಾನು ಈಗ ಓಡಿಸುವುದು ಇದನ್ನೇ, ಆದ್ದರಿಂದ ಸ್ವಲ್ಪ ಪಕ್ಷಪಾತ ಇರಬಹುದು. ಬಜಾಜ್ ಅವೆಂಜರ್ 220ರ ಸೀಟು 737 ಮಿಲಿಮೀಟರ್, ಭಾರ 163 ಕೆಜಿ. ಕೂತರೆ ನನ್ನ ಎರಡೂ ಅಂಗಾಲು ನೆಲದ ಮೇಲೆ, ಮೊಣಕಾಲು ಸ್ವಲ್ಪ ಮಡಿಚಿಯೇ ಇರುತ್ತದೆ. ಜಾಲರಿಯ ಮೇಲೆ ನಿಂತರೂ ಇನ್ನೊಂದು ಕಾಲು ಹಿಡಿಯುತ್ತದೆ. ಹ್ಯಾಂಡಲು ಎದೆಯ ಹತ್ತಿರ ಬರುವುದರಿಂದ ಕುತ್ತಿಗೆ, ಮಣಿಕಟ್ಟಿಗೆ ಆರಾಮ. ಸಂಧಿನೋವಿನವರಿಗೆ ಮೊಣಕಾಲನ್ನು ಪೂರ್ತಿ ಮಡಿಚದೆ ಮುಂದೆ ಚಾಚಿ ಕೂರುವುದು ನಿಜವಾದ ಉಪಕಾರ.

ಆದರೆ ಕಾಲು ಮುಂದಿರುವುದರಿಂದ ಗುಂಡಿ ಬಂದಾಗ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಪೆಟ್ಟು ತಪ್ಪಿಸಲಾಗುವುದಿಲ್ಲ. ಪ್ರತಿ ಪೆಟ್ಟೂ ನೇರ ಬೆನ್ನುಮೂಳೆಗೆ. ಸೊಂಟದ ಡಿಸ್ಕ್ ತೊಂದರೆ ಇದ್ದವರಿಗೆ, ಮೂಳೆ ತೆಳುವಾಗಿದೆಯೆಂದು ವೈದ್ಯರು ಹೇಳಿದವರಿಗೆ ನಾನು ಇದನ್ನು ಹೇಳುವುದಿಲ್ಲ. ಅಂಥವರಿಗೆ ಮೇಲಿನ ಹಗುರ ಬೈಕೇ ಸರಿ. ಉದ್ದ ಗಾಡಿಯಾದ್ದರಿಂದ ಸದಾಶಿವ ಪೇಠೆಯ ಗಲ್ಲಿಗಳಲ್ಲಿ ತಿರುಗಿಸುವುದು ಕಷ್ಟ. ಕಿಕ್ ಇಲ್ಲ. ಒಂದೂವರೆ ಲಕ್ಷದ ಆಸುಪಾಸಿನ ಬೆಲೆಗೆ ಇಷ್ಟು ತಗ್ಗು ಸೀಟು ಮಾತ್ರ ಬೇರೆಡೆ ಸಿಗುವುದು ಕಷ್ಟ.

ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಇದರ ದೊಡ್ಡಣ್ಣ. ಸೀಟು 765, ಭಾರ 191. ಹೆದ್ದಾರಿಯಲ್ಲಿ ರಾಜನಂತೆ ಹೋಗುತ್ತದೆ. ಐದಡಿ ಐದಂಗುಲ ದಾಟಿದವರು, ಮನೆಯ ಪಾರ್ಕಿಂಗ್ ಸಮತಟ್ಟಾಗಿರುವವರು ನೋಡಬಹುದು.

ಮುನ್ನೂರೈವತ್ತರ ಸೆಳೆತ

ಹೆಚ್ಚಿನವರ ಮನಸ್ಸು ಇಲ್ಲೇ ಇರುತ್ತದೆ. ಕ್ಲಾಸಿಕ್ 350, 195 ಕೆಜಿ, ಸೀಟು 805. ಹಂಟರ್ 350, 181 ಕೆಜಿ, ಸೀಟು 800ರ ಸುತ್ತಮುತ್ತ. ಹೊಂಡಾ ಹೈನೆಸ್ ಸಿಬಿ350 ಕೂಡ 181 ಕೆಜಿ, 800 ಮಿಲಿಮೀಟರ್. ಕಾಗದದ ಮೇಲೆ 14 ಕೆಜಿ ಸಣ್ಣದು, ಇಳಿಜಾರಿನಲ್ಲಿ ಅಕ್ಕಿಚೀಲದಷ್ಟು. ಹಂಟರ್ ಗಿಡ್ಡ, ಚಕ್ರ 17 ಅಂಗುಲದ್ದು, ಊರೊಳಗೆ ಸುಲಭವಾಗಿ ತಿರುಗುತ್ತದೆ, ಆದರೆ 2025ಕ್ಕೆ ಮುಂಚಿನವುಗಳಲ್ಲಿ ಹಿಂಬದಿಯ ಸಸ್ಪೆನ್ಶನ್ ಗಟ್ಟಿಯೆಂದು ಸೊಂಟ ಹೇಳುತ್ತದೆ. ಹೊಂಡಾದ್ದು ಕ್ಲಚ್ಚು ಮೆತ್ತಗೆ, ಎಂಜಿನ್ ನುಣುಪು. ಬೆರಳ ಗಂಟಿನವರು ಈ ಮೂರರಲ್ಲಿ ಅದನ್ನೇ ಮೊದಲು ಹಿಡಿದು ನೋಡಲಿ. ಕ್ಲಾಸಿಕ್ ಅಗಲ ಸೀಟು, ನಿಧಾನದ ಓಟ, ಹಿಂದೆ ಕೂತವರಿಗೂ ಸುಖ. ಅಗಲ ಸೀಟು ಕಾಲನ್ನು ಹೊರಕ್ಕೆ ತಳ್ಳುವುದರಿಂದ 805 ಎಂಬುದು ಅದಕ್ಕಿಂತ ಎತ್ತರವೇ ಅನಿಸುತ್ತದೆ.

ಈ ಮೂರಕ್ಕೂ ಕಿಕ್ ಇಲ್ಲ. ವಾರಕ್ಕೊಮ್ಮೆ ಓಡಿಸುವವರ ಬ್ಯಾಟರಿ ಕುಂದುತ್ತದೆ, ತಾಮ್ಹಿಣಿ ಘಟ್ಟದಲ್ಲಿ ನಿಂತರೆ 180 ಕೆಜಿ ತಳ್ಳಿ ಶುರು ಮಾಡುವ ಕೆಲಸ ನಮ್ಮದಲ್ಲ. ಬ್ಯಾಟರಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಕ್ಲಾಸಿಕ್ಕಿನ ಕಡ್ಡಿ ಚಕ್ರಗಳಲ್ಲಿ ಟ್ಯೂಬಿರುವುದರಿಂದ ಪಂಕ್ಚರಾದರೆ ಚಕ್ರ ಬಿಚ್ಚಲೇಬೇಕು. ಟ್ಯೂಬ್‌ಲೆಸ್ ಇರುವ ಅಲಾಯ್ ಚಕ್ರದ ಮಾದರಿ ಕೇಳಿ, ನೋಟಕ್ಕೆ ಮರುಳಾಗಬೇಡಿ.

ಹಳೆಯ ಬುಲೆಟ್ ಓಡಿಸಿದವರಿಗೆ ಇಲ್ಲೊಂದು ದೊಡ್ಡ ಎಚ್ಚರಿಕೆ. ಆಗ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇತ್ತು. ಈಗಿನ ಎಲ್ಲ ಗಾಡಿಗಳಲ್ಲಿ ಅದು ಉಲ್ಟಾ. ತಲೆಗೆ ಗೊತ್ತಿರುತ್ತದೆ, ಕಾಲಿಗೆ ಗೊತ್ತಿರುವುದಿಲ್ಲ. ಮೂವತ್ತು ವರ್ಷದ ಹಿಂದಿನ ಅಭ್ಯಾಸ ಎದ್ದು ಬರುವುದು ನಾಯಿ ಅಡ್ಡ ಬಂದ ಕ್ಷಣದಲ್ಲಿ, ಬ್ರೇಕೆಂದು ಗೇರು ತುಳಿಯುತ್ತೀರಿ. ಯಾರದಾದರೂ ಹಗುರ ಬೈಕು ಎರವಲು ಪಡೆದು ಒಂದು ತಿಂಗಳು ಬೆಳಿಗ್ಗೆ ಖಾಲಿ ಮೈದಾನದಲ್ಲಿ ನಿಲ್ಲಿಸುವುದನ್ನೇ ಅಭ್ಯಾಸ ಮಾಡಿ. ಓಡಿಸುವುದು ತಾನೇ ಬರುತ್ತದೆ.

ಹಳೆಯ ಯೆಜ್ಡಿ, ಬಾಡಿಗೆ ಬೈಕು

ಯೆಜ್ಡಿಯ ಬಗ್ಗೆ ಕನ್ನಡಿಗರಿಗೆ ಬರೆಯುವಾಗ ಕೈ ತಡೆಯುತ್ತದೆ. 1961ರಲ್ಲಿ ಜಾವಾ ಎಂಬ ಹೆಸರಿನಿಂದ ಶುರುವಾಗಿ, ಆಮೇಲೆ ಯೆಜ್ಡಿಯಾಗಿ 1996ರವರೆಗೆ ಮೈಸೂರಿನಲ್ಲಿ ಹುಟ್ಟಿದ ಗಾಡಿ ಅದು, ನಮ್ಮೂರಿನದು. ಕಿಕ್ ಹೊಡೆದ ಅದೇ ದಂಡವನ್ನು ಮುಂದಕ್ಕೆ ಮಡಿಚಿದರೆ ಗೇರಾಗುವ ಚೆಂದ ಬೇರೆಲ್ಲಿದೆ? ಆದರೆ ದಿನದ ಬಳಕೆಗೆ ನಾನು ಬೇಡವೆನ್ನುತ್ತೇನೆ. ಡ್ರಮ್ ಬ್ರೇಕು, ಸೆಲ್ಫ್ ಇಲ್ಲ, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಬಿಡಿಭಾಗ ಹುಡುಕಬೇಕು. ಹದಿನೈದು ವರ್ಷ ಮೀರಿದ್ದರಿಂದ ನೋಂದಣಿ ನವೀಕರಣಕ್ಕೆ ಆರ್‌ಟಿಓ ಪರೀಕ್ಷೆಯಾಗಬೇಕು. ಒಳ್ಳೆಯ ಮೆಕ್ಯಾನಿಕ್ ಕೈಗೆ ಕೊಟ್ಟರೂ ಖರ್ಚು ಎಲ್ಲಿ ನಿಲ್ಲುತ್ತದೆಂದು ಮೊದಲೇ ಹೇಳಲಾಗುವುದಿಲ್ಲ.

ವರ್ಷಕ್ಕೆ ನಾಲ್ಕು ಸಲ ಮಾತ್ರ ಓಡಿಸುವ ಮನಸ್ಸಿದ್ದರೆ ಕೊಳ್ಳುವುದೇ ಬೇಡ, ಬಾಡಿಗೆಗೆ ಪಡೆಯಿರಿ. ಗೋವಾದಲ್ಲಂತೂ ಇದು ಸುಲಭ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ಗಾಡಿಯನ್ನೇ ತೆಗೆದುಕೊಳ್ಳಿ. ಬಿಳಿ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಮಾತೂ ಬಿದ್ದುಹೋಗುತ್ತದೆ.

ಊರು ನೋಡಿ ಗಾಡಿ

ಮುಂಬೈಯವರು ದೊಡ್ಡ ಗಾಡಿಗೆ ದುಡ್ಡು ಹಾಕುವ ಮುಂಚೆ ರಸ್ತೆಗಳನ್ನು ಎಣಿಸಿ. ಬಾಂದ್ರಾ-ವರ್ಲಿ ಸೀ ಲಿಂಕ್, ಕೋಸ್ಟಲ್ ರೋಡ್, ಅಟಲ್ ಸೇತು, ಪುಣೆ ಎಕ್ಸ್‌ಪ್ರೆಸ್‌ವೇ, ಎಲ್ಲಿಯೂ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಉಳಿದದ್ದು ಸಿಗ್ನಲ್ಲು, ಗುಂಡಿ, ಮೊದಲ ಎರಡು ಗೇರು. ಅಲ್ಲಿ ಹಗುರ ಬೈಕೇ ಜಾಣತನ. ಪುಣೆಯವರಿಗೆ ಅರ್ಧ ತಾಸಿಗೆ ಊರು ಮುಗಿಯುತ್ತದೆ. ಚಾಂದನಿ ಚೌಕದಿಂದ ಮುಳಶಿ, ಸಿಂಹಗಡದ ತಪ್ಪಲು, ದಿವೆ ಘಟ್ಟ, ಸಾಸ್ವಡ. ಕ್ರೂಸರಿಗೂ 350ಕ್ಕೂ ಇಲ್ಲಿ ಅರ್ಥವಿದೆ. ಮಳೆಗಾಲದ ಶನಿವಾರ ಭಾನುವಾರ ತಾಮ್ಹಿಣಿಗೆ ಹೋಗಬೇಡಿ, ಬುಧವಾರ ಬೆಳಿಗ್ಗೆ ಹೋಗಿ. ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಟ್ರಕ್ಕುಗಳ ಬ್ರೇಕು ಸೋತು ಎಷ್ಟೋ ಅಪಘಾತಗಳಾಗಿವೆ. ಅಲ್ಲಿ ಸರ್ವಿಸ್ ರಸ್ತೆ ಹಿಡಿಯಿರಿ. ಗೋವಾದಲ್ಲಿ ರಸ್ತೆಯಂಚಿನ ಕೆಂಪು ಜಲ್ಲಿ, ಮಳೆ, ಉಪ್ಪುಗಾಳಿಗೆ ತುಕ್ಕು. ಸರಳವಾದ, ಹಗುರವಾದ, ತೊಳೆಯಲು ಸುಲಭವಾದ ಗಾಡಿ ಅಲ್ಲಿ ಬಾಳುತ್ತದೆ.

ಇನ್ನು ಕಾಗದ. 50ರಿಂದ 55ರೊಳಗೆ ಮಾಡಿಸಿದ ಲೈಸೆನ್ಸು 60ರವರೆಗೆ, 55ರ ಮೇಲೆ ಪ್ರತಿ ಸಲ ಐದು ವರ್ಷಕ್ಕೆ. ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ನವೀಕರಿಸಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಲೈಸೆನ್ಸು ಸತ್ತಿದ್ದರೆ ಮಾಲೀಕ-ಚಾಲಕರಿಗಿರುವ 15 ಲಕ್ಷದ ಅಪಘಾತ ವಿಮೆ ಕೈಗೆ ಬರುವುದಿಲ್ಲ. ಇವತ್ತೇ ಕಪಾಟಿನಿಂದ ತೆಗೆದು ದಿನಾಂಕ ನೋಡಿ.

ಈಗ ಆ ಮೂವರಿಗೆ ನಾನು ಬರೆದದ್ದು. ಕೋಥ್ರೂಡಿನ ಸರ್, ನೀವು ಐದಡಿ ಒಂಬತ್ತಂಗುಲ, ಮೊಣಕಾಲು ಗಟ್ಟಿ, ಪಾರ್ಕಿಂಗ್ ಸಮತಟ್ಟು. 350 ನಿಮಗೆ ನಡೆಯುತ್ತದೆ. ಕ್ಲಾಸಿಕ್‌ಗಿಂತ ಮೊದಲು ಸಿಬಿ350 ಮತ್ತು ಹಂಟರ್ ತಳ್ಳಿ ನೋಡಿ. ಕಳೆದ ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆಯಾದ್ದರಿಂದ ರಾತ್ರಿ ಬೇಡ, ಕಾಲಿನ ಬ್ರೇಕು ಎಡದಿಂದ ಬಲಕ್ಕೆ ಹೋಗುವವರೆಗೆ ಹೊಸ ಗಾಡಿ ಬುಕ್ ಮಾಡಲೂ ಬೇಡ. ಠಾಣೆಯ ಅಕ್ಕಾ, ನಿಮ್ಮ ಲೈಸೆನ್ಸು ಗೇರಿಲ್ಲದ ಗಾಡಿಗೆ ಮಾತ್ರ. ಗೇರಿನದಕ್ಕೆ ಬೇರೆ ಲರ್ನರ್ ತೆಗೆಸಬೇಕು. ಅದು ಆರು ತಿಂಗಳು ನಡೆಯುತ್ತದೆ, 30 ದಿನದ ಮೇಲೆ ಪರೀಕ್ಷೆ ಕೊಡಬಹುದು. ಶೈನ್ 125ರಲ್ಲಿ ಕಲಿಯಿರಿ, ಒಂದು ವರ್ಷ ಅದನ್ನೇ ಇಟ್ಟುಕೊಳ್ಳಿ, ಘೋಡಬಂದರ್ ರಸ್ತೆಗೆ ಅಷ್ಟು ಸಾಕು. ಆಮೇಲೂ ಆಸೆ ಇದ್ದರೆ ಪುಣೆಗೆ ಬಂದು ನನ್ನ ಅವೆಂಜರ್ ಓಡಿಸಿ ನೋಡಿ. ವಾಸ್ಕೋದ ಕಾಕಾ, ಯೆಜ್ಡಿಯನ್ನು ಗುಜರಿಗೆ ಕೊಡಬೇಡಿ, ಆದರೆ ಪಿಂಚಣಿಯನ್ನೂ ಅದಕ್ಕೆ ಸುರಿಯಬೇಡಿ. ಒರೆಸಿ, ಎಣ್ಣೆ ಹಚ್ಚಿ, ಇರಲಿ ಬಿಡಿ. ಓಡಾಟಕ್ಕೆ ಶೈನ್ 100. ತಿಂಡಿ ತಿನ್ನದೆ ಗಾಡಿ ಮುಟ್ಟಬೇಡಿ, ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲಿ.

ಇನ್ನೊಂದು ಮಾತು ಮೂವರಿಗೂ. ಶೋರೂಮಿಗೆ ಹೋಗುವಾಗ ಗಾಡಿ ಓಡಿಸುವಾಗಿನ ಬೂಟು, ಕನ್ನಡಕ, ಹೆಲ್ಮೆಟ್ ತೆಗೆದುಕೊಂಡು ಹೋಗಿ. ಜೊತೆಗೆ, ಮನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಬೇಡವೆನ್ನುವವರನ್ನೇ ಕರೆದುಕೊಂಡು ಹೋಗಿ. ಎರಡನೆಯ ಬೈಕು ಕೊಳ್ಳುವಾಗ ನಾನು ಮಗನನ್ನು ಕರೆದುಕೊಂಡು ಹೋದೆ. ನಾನು ಕೂತು, ಇಳಿದು, ತಳ್ಳಿ, ತಿರುಗಿಸುವ ತನಕ ಅವನು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ಬಿಲ್ಲು ಬರೆಯುವ ಹೊತ್ತಿಗೆ ಕೌಂಟರಿನ ಹತ್ತಿರ ಬಂದು ಆ ಹುಡುಗನನ್ನು, ಇದಕ್ಕಿಂತ ಅಗಲದ ಕನ್ನಡಿ ಸಿಗುತ್ತದೆಯೇ, ಎಡಗಡೆಯದು ಮುಖ್ಯ, ಎಂದು ಕೇಳಿದ.